ಏನೂ ಆಗಿಲ್ಲಲ್ಲ, ಬಿಡು

ಇವತ್ತಿನ ಮಾತು ಆಸ್ಪತ್ರೆಯಲ್ಲಿ ಆಗುವ ತಪ್ಪುಗಳ ಬಗ್ಗೆ. ಇನ್ನೂ ಸರಿಯಾಗಿ ಹೇಳುವುದಾದರೆ, ಆದ ತಪ್ಪನ್ನು ಬಾಯಿಬಿಟ್ಟು ಹೇಳುವುದರ ಬಗ್ಗೆ. ಬೆಳಗಾವಿ, ವಿಜಾಪುರ, ಕಲಬುರ್ಗಿ, ಬೀದರ ಕಡೆಯಿಂದ ಬಂದು ಈ ಪುಣೆಯ ಆಸ್ಪತ್ರೆಗಳಲ್ಲಿ, ನರ್ಸಿಂಗ್ ಹೋಮುಗಳಲ್ಲಿ ಸಿಸ್ಟರಾಗಿ, ಬ್ರದರಾಗಿ, ಲ್ಯಾಬಿನವರಾಗಿ, ವಾರ್ಡಿನ ಮಾವಶಿಯಾಗಿ ದುಡಿಯುವವರು ನಿಮ್ಮಲ್ಲಿ ಇದ್ದೀರಿ. ಉಳಿದ ನಾವೆಲ್ಲ ಒಂದಲ್ಲ ಒಂದು ದಿನ ಆ ಮಂಚದ ಮೇಲೆ ಮಲಗುವವರು, ಇಲ್ಲವೇ ಪಕ್ಕದ ಸ್ಟೂಲಿನ ಮೇಲೆ ಕೂತು ಸಲೈನ್ ಬಾಟಲಿ ಎಷ್ಟು ಇಳಿಯಿತು ಎಂದು ನೋಡುವವರು. ಹಾಗಾಗಿ ಇದು ಇಬ್ಬರಿಗೂ ಸೇರಿದ ವಿಷಯ.

ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ರಾತ್ರಿ ಪಾಳಿ. ವಾರ್ಡಿನಲ್ಲಿ ಇಬ್ಬರು ಪಾಟೀಲರು. ಪುಣೆಯ ಯಾವ ವಾರ್ಡಿನಲ್ಲಿ ಇಬ್ಬರು ಪಾಟೀಲರಿಲ್ಲ ಹೇಳಿ! ಒಬ್ಬರು ಕೊಲ್ಹಾಪುರದವರು, 12ನೇ ಮಂಚ. ಇನ್ನೊಬ್ಬರು ಇಂಡಿ ತಾಲೂಕಿನವರು, 14ನೇ ಮಂಚ. 12ಕ್ಕೆ ಹೋಗಬೇಕಾದ ಆಂಟಿಬಯಾಟಿಕ್ ಇಂಜೆಕ್ಷನ್ 14ಕ್ಕೆ ಹೋಯಿತು. ಚಾರ್ಟಿನಲ್ಲಿ ಟಿಕ್ ಹಾಕುವಾಗ ಸಿಸ್ಟರಿಗೆ ಗೊತ್ತಾಯಿತು. ಎದೆ ಧಸಕ್ಕೆಂದಿತು. ಓಡಿ ಹೋಗಿ ನೋಡಿದಳು. ಮೈಮೇಲೆ ದದ್ದಿಲ್ಲ, ಉಸಿರಾಟ ಸರಿಯಿದೆ, ಬಿ.ಪಿ. ಸರಿಯಿದೆ, ಪಾಟೀಲರು ಗೊರಕೆ ಹೊಡೆಯುತ್ತಿದ್ದಾರೆ. 12ರ ಪಾಟೀಲರಿಗೆ ಅವರ ಡೋಸನ್ನು ತಡವಾಗಿ ಕೊಟ್ಟಳು. ಅವಳ ಮುಖ ನೋಡಿ ವಿಷಯ ತಿಳಿದುಕೊಂಡ ಹಿರಿಯ ಸಿಸ್ಟರ್ ಹೇಳುತ್ತಾಳೆ: "ಏನೂ ಆಗಿಲ್ಲಲ್ಲ, ಬಿಡು. ಬರದು ಯಾಕ ತಲಿ ಮ್ಯಾಲ ಎಳಕೋತಿ?"

ಆ ಹಿರಿಯ ಸಿಸ್ಟರ್ ಕೆಟ್ಟವಳಲ್ಲ. ಎಳೆಯ ಹುಡುಗಿಯ ಮೇಲಿನ ಮಮತೆಯಿಂದಲೇ ಆಡಿದ ಮಾತದು. ಬರೆದವರ ಗತಿ ಏನಾಗಿದೆ ಎಂಬುದನ್ನೂ ಅವಳು ಕಂಡಿರುತ್ತಾಳೆ. ಆದ್ದರಿಂದ "ಸತ್ಯವಂತಳಾಗು" ಎಂದು ಉಪದೇಶ ಮಾಡಿ ಮುಂದೆ ಹೋದರೆ ಆಗದು. ಆ ಮಾತನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ಮೊದಲನೆಯದು, "ಏನೂ ಆಗಿಲ್ಲ" ಎಂಬುದು ನಿಜವೇ? ಆ ಗಳಿಗೆಗೆ ನಿಜ. ಆದರೆ ಬೆಳಗಿನ ಜಾವ 14ರ ಪಾಟೀಲರಿಗೆ ಮೈತುಂಬ ದದ್ದು ಎದ್ದರೆ? ಡ್ಯೂಟಿ ಡಾಕ್ಟರು ಚಾರ್ಟ್ ನೋಡುತ್ತಾರೆ. ಅಲ್ಲಿ ಆ ಇಂಜೆಕ್ಷನ್ನಿನ ಸುಳಿವೇ ಇಲ್ಲ. ರಾತ್ರಿಯ ಊಟ ಕಾರಣವೋ, ಬೇರೆ ಗುಳಿಗೆ ಕಾರಣವೋ ಎಂದು ಇಲ್ಲದ ಕಡೆಯೆಲ್ಲ ಹುಡುಕುತ್ತಾರೆ. ಆದ್ದರಿಂದ ಡಾಕ್ಟರಿಗೆ ಆ ಕ್ಷಣವೇ ಹೇಳುವುದರಲ್ಲಿ ನೀತಿಯ ದೊಡ್ಡ ಚರ್ಚೆಯೇನೂ ಇಲ್ಲ. ಅದು ಚಿಕಿತ್ಸೆಯ ಒಂದು ಭಾಗ. ಕೊಟ್ಟ ಔಷಧ ಚಾರ್ಟಿನಲ್ಲಿ ಇರಲೇಬೇಕು, ತಪ್ಪಿ ಕೊಟ್ಟದ್ದಾದರೂ.

ಇನ್ನು, ನಿಜವಾಗಿಯೂ ಏನೂ ಆಗಲಿಲ್ಲ ಎಂದೇ ಇಟ್ಟುಕೊಳ್ಳೋಣ. ಯಾಕೆ ಆಗಲಿಲ್ಲ? ಆ ಪಾಟೀಲರಿಗೆ ಆ ಔಷಧದ ಅಲರ್ಜಿ ಇರಲಿಲ್ಲ, ಅದಕ್ಕೆ. ಅದು ಅವರ ಅದೃಷ್ಟ, ಸಿಸ್ಟರ ಅದೃಷ್ಟ. ಅದೇ ಕೈ, ಅದೇ ಟ್ರೇ, ಅದೇ ಹೆಸರು. ಮಂಚದ ಮೇಲೆ ಅಲರ್ಜಿಯಿರುವ ಮನುಷ್ಯ ಮಲಗಿದ್ದರೆ ಹತ್ತು ನಿಮಿಷದಲ್ಲಿ ಉಸಿರು ಕಟ್ಟುತ್ತಿತ್ತು. ತಪ್ಪು ಎರಡೂ ಕಡೆ ಒಂದೇ. ನಾವೋ ಪರಿಣಾಮ ನೋಡಿ ಒಂದನ್ನು ದುರಂತ ಎನ್ನುತ್ತೇವೆ, ಇನ್ನೊಂದನ್ನು ಮರೆತುಬಿಡುತ್ತೇವೆ. ನನ್ನ ಅಭಿಪ್ರಾಯ ಕೇಳಿದರೆ, ಏನೂ ಆಗದೆ ಹೋದ ತಪ್ಪನ್ನೇ ಮೊದಲು ಬರೆಯಬೇಕು. ಯಾರೂ ಸತ್ತಿಲ್ಲ, ಯಾರೂ ಅಳುತ್ತಿಲ್ಲ, ಪೊಲೀಸರು ಬಂದಿಲ್ಲ, ಎಲ್ಲರ ತಲೆ ತಣ್ಣಗಿದೆ. ಇಬ್ಬರು ಪಾಟೀಲರನ್ನು ಅಕ್ಕಪಕ್ಕ ಮಲಗಿಸಿದವರು ಯಾರು, ಕೈಪಟ್ಟಿಯ ಮೇಲೆ ಪೂರ್ತಿ ಹೆಸರು ಇತ್ತೇ, ಆ ರಾತ್ರಿ ಮೂವತ್ತು ರೋಗಿಗಳಿಗೆ ಎಷ್ಟು ಜನ ಸಿಸ್ಟರು ಇದ್ದರು ಎಂದು ಕೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಆ ವರದಿ ಮಲಗಿರುವ ಪಾಟೀಲರಿಗಾಗಿ ಅಲ್ಲ. ಮುಂದಿನ ತಿಂಗಳು ಆ ಮಂಚಕ್ಕೆ ಬರಲಿರುವ ಇನ್ನೊಬ್ಬರಿಗಾಗಿ. ಅವರು ಯಾರೋ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಅವರ ಪರವಾಗಿ ಮಾತಾಡುವವರೂ ಯಾರೂ ಇರುವುದಿಲ್ಲ.

ಸಾಮಾನ್ಯವಾಗಿ ಕೇಳಿಬರುವ ಎರಡನೆಯ ಮಾತು, "ಹೇಳಿದರೆ ಪೇಷಂಟಿನ ಮನೆಯವರು ಗಾಬರಿಯಾಗುತ್ತಾರೆ." ಆಗುತ್ತಾರೆ, ಸುಳ್ಳಲ್ಲ. ಆದರೆ ಈ ಮಾತಿಗೆ ಒಂದು ಸುಲಭದ ಪರೀಕ್ಷೆ ಇದೆ. ಮಂಚದ ಮೇಲೆ ಮಲಗಿದವರು ನಿಮ್ಮ ಅವ್ವ ಆಗಿದ್ದರೆ, ನಿಮಗೆ ಗಾಬರಿಯಾಗಬಾರದೆಂದು ಆಸ್ಪತ್ರೆಯವರು ಮುಚ್ಚಿಟ್ಟದ್ದು ಆಮೇಲೆ ತಿಳಿದರೆ, ನೀವು ಉಪಕಾರ ಎನ್ನುತ್ತೀರಾ? ಈ ಗಾಬರಿಯ ಮಾತಿನ ಒಳಗೆ ಬಹಳ ಸಲ ಅಡಗಿರುವುದು ಹೇಳುವವರ ಗಾಬರಿ.

ಇಷ್ಟಾದರೂ ಉಳಿಯುವ ಕಷ್ಟದ ಮಾತು ಕೆಲಸದ್ದು. ಸಿಸ್ಟರಿಗೆ ಸಂಬಳ ಎಷ್ಟು, ಊರಿಗೆ ಎಷ್ಟು ಕಳಿಸುತ್ತಾಳೆ, ತಮ್ಮನ ಫೀ ಯಾರು ಕಟ್ಟುತ್ತಾರೆ, ಬಾಂಡ್ ಎಷ್ಟು ವರ್ಷದ್ದು? ಮೂಲ ಸರ್ಟಿಫಿಕೇಟುಗಳನ್ನು ಆಡಳಿತದವರೇ ಕಪಾಟಿನಲ್ಲಿ ಇಟ್ಟುಕೊಂಡ ಸಂಗತಿಗಳು ಈ ದೇಶದಲ್ಲಿ ಸುದ್ದಿಯಾಗಿವೆ. ಅಂಥ ಹುಡುಗಿಗೆ "ಧೈರ್ಯ ಮಾಡು" ಎನ್ನುವುದು ಸುಲಭ, ನಮ್ಮ ಕೈಯಿಂದ ಏನೂ ಖರ್ಚಾಗುವುದಿಲ್ಲ. ತಪ್ಪು ಹೇಳುವುದು ಅವಳ ಕರ್ತವ್ಯವಾದರೆ, ಹೇಳಿದವಳನ್ನು ಬೀದಿಗೆ ತಳ್ಳದಿರುವುದು ಮೇಲಿದ್ದವರ ಕರ್ತವ್ಯ. ಎರಡನೆಯದಿಲ್ಲದೆ ಮೊದಲನೆಯದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ ಎಂದೇ ನಾನು ತಿಳಿದಿದ್ದೇನೆ.

ಇಲ್ಲಿಯವರೆಗೆ ಹೇಳಿದ್ದು ಏನೂ ಆಗದೆ ಹೋದ ತಪ್ಪಿನ ಮಾತು. ಆದಾಗ? ಅದಕ್ಕೆ ದೂರ ಹೋಗಬೇಕಾಗಿಲ್ಲ. ವೈದ್ಯಕೀಯ ನಿರ್ಲಕ್ಷ್ಯದ ಬಗ್ಗೆ ಕಾನೂನು ಓದುವ ವಿದ್ಯಾರ್ಥಿಗಳು ಇವತ್ತಿಗೂ ಓದುವ ಒಂದು ಮೊಕದ್ದಮೆ ನಮ್ಮ ಈ ಊರಿನದೇ: ಜೋಶಿ ವಿರುದ್ಧ ಗೋಡಬೋಲೆ.

1953ರ ಮೇ 6. ರತ್ನಾಗಿರಿ ಜಿಲ್ಲೆಯ ಪಾಲಶೇತ್ ಎಂಬ ಹಳ್ಳಿಯ ಸಮುದ್ರ ದಂಡೆಯಲ್ಲಿ ಸುಮಾರು ಇಪ್ಪತ್ತು ವರ್ಷದ ಹುಡುಗನ ಎಡ ತೊಡೆಯ ಎಲುಬು ಮುರಿಯಿತು. ಊರಿನ ಡಾಕ್ಟರು ಮರದ ಹಲಗೆ ಕಟ್ಟಿ ಕಾಲು ಅಲುಗದಂತೆ ಮಾಡಿದರು, ಪುಣೆಗೆ ಕರೆದೊಯ್ಯಲು ಹೇಳಿದರು. ಮಧ್ಯರಾತ್ರಿ ಕಳೆದ ಮೇಲೆ ಟ್ಯಾಕ್ಸಿಯಲ್ಲಿ ಹೊರಟು, ಸುಮಾರು 200 ಮೈಲಿ ದಾರಿ ಸವೆಸಿ, ಮೇ 9ರಂದು ಬೆಳಿಗ್ಗೆ ಹನ್ನೊಂದೂವರೆಗೆ ಪುಣೆ ಮುಟ್ಟಿದರು. ಹುಡುಗನ ತಂದೆಯೂ ಡಾಕ್ಟರೇ. ಕಲಬುರ್ಗಿಗೆ ಹೋಗುವ ರೈಲು ನಿಲ್ಲುತ್ತದಲ್ಲ, ಆ ದೌಂಡ್‌ನಲ್ಲಿ ಅವರ ಪ್ರಾಕ್ಟೀಸು. ಅವರೂ ಬಂದು ಸೇರಿಕೊಂಡರು.

ಮಧ್ಯಾಹ್ನ ಎರಡೂ ಕಾಲಿಗೆ ಹುಡುಗನನ್ನು ಮೂಳೆ ತಜ್ಞರ ಆಸ್ಪತ್ರೆಗೆ ಸೇರಿಸಿದರು. ತಾಸಿನ ಅಂತರದಲ್ಲಿ ಎರಡು ಮಾರ್ಫಿಯಾ ಇಂಜೆಕ್ಷನ್ ಕೊಡಿ ಎಂದು ದೊಡ್ಡ ಡಾಕ್ಟರು ಹೇಳಿದ್ದರು, ಸಹಾಯಕ ಡಾಕ್ಟರು ಕೊಟ್ಟದ್ದು ಒಂದೇ. ಆಪರೇಷನ್ ಥಿಯೇಟರಿನಲ್ಲಿ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು ಹೊತ್ತು ಇಟ್ಟು, ಕಾಲಿಗೆ ಪ್ಲಾಸ್ಟರು ಹಾಕಿ, ಐದೂವರೆಗೆ ರೂಮಿಗೆ ತಂದರು. ಏಳು ಗಂಟೆಗೆ ಎಚ್ಚರವಾಗುತ್ತಾನೆ ಎಂದು ಭರವಸೆ ಕೊಟ್ಟದ್ದರಿಂದ ತಂದೆ ದೌಂಡ್‌ಗೆ ಮರಳಿದರು. ತಾಯಿ ಮಗನ ಬಳಿ ಉಳಿದರು. ಆರೂವರೆಗೆ ಹುಡುಗನಿಗೆ ಉಸಿರಾಟದ ತೊಂದರೆ, ಕೆಮ್ಮು. ರಾತ್ರಿ ಒಂಬತ್ತಕ್ಕೆ ಪ್ರಾಣ ಹೋಯಿತು. ಸಾವಿನ ಪ್ರಮಾಣಪತ್ರದಲ್ಲಿ ಬರೆದ ಕಾರಣ, ಮುರಿದ ಎಲುಬಿನಿಂದ ಕೊಬ್ಬಿನ ಕಣ ರಕ್ತಕ್ಕೆ ಸೇರಿ ಅಡಚಣೆಯಾಯಿತು ಎಂದು.

ತಂದೆ ತಾಯಿ ಕೋರ್ಟಿಗೆ ಹೋದರು. ಪೂರ್ತಿ ಅರಿವಳಿಕೆ ಕೊಡದೆ, ಮೂವರು ಸಹಾಯಕರನ್ನು ಹಿಡಿದುಕೊಂಡು, ಮಿತಿಮೀರಿದ ಬಲದಿಂದ ಕಾಲು ಎಳೆದದ್ದರಿಂದ ಉಂಟಾದ ಆಘಾತವೇ ಸಾವಿಗೆ ಕಾರಣ ಎಂಬುದು ಅವರ ವಾದ. ಎಲುಬು ಕೂಡಿಸುವ ಕೆಲಸವನ್ನು ಆಗ ಮಾಡಲೇ ಇಲ್ಲ, ಸದ್ಯಕ್ಕೆ ಕಾಲು ಅಲುಗದಂತೆ ಪ್ಲಾಸ್ಟರು ಹಾಕಿದೆವು ಅಷ್ಟೇ ಎಂಬುದು ಡಾಕ್ಟರ ವಾದ. ಕೆಳಗಿನ ಕೋರ್ಟು, ಹೈಕೋರ್ಟು, ಕೊನೆಗೆ ಸುಪ್ರೀಂ ಕೋರ್ಟು, ಮೂರೂ ತಂದೆ ತಾಯಿಯ ಮಾತನ್ನು ಒಪ್ಪಿದವು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1968ರ ಮೇ 2ರಂದು. ಪರಿಹಾರ 3,000 ರೂಪಾಯಿ. ರೋಗಿಯನ್ನು ತೆಗೆದುಕೊಳ್ಳಬೇಕೇ ಎಂದು ನಿರ್ಧರಿಸುವಾಗ, ಯಾವ ಚಿಕಿತ್ಸೆ ಎಂದು ನಿರ್ಧರಿಸುವಾಗ, ಆ ಚಿಕಿತ್ಸೆ ಕೊಡುವಾಗ, ಈ ಮೂರೂ ಹಂತದಲ್ಲಿ ಡಾಕ್ಟರಿಗೆ ಎಚ್ಚರಿಕೆಯ ಹೊಣೆ ಇದೆ ಎಂದು ಆ ತೀರ್ಪು ಹೇಳಿತು. ಇವತ್ತೂ ವಕೀಲರು ಅದನ್ನು ಉದ್ಧರಿಸುತ್ತಾರೆ.

ನನ್ನ ಕಣ್ಣು ನಿಲ್ಲುವುದು ಬೇರೆ ಕಡೆ. ಆ ದಿನ ಆ ಆಸ್ಪತ್ರೆಯಲ್ಲಿ ಏನಾಯಿತು ಎಂಬುದನ್ನು ತಿಳಿಯಲು ಹದಿನೈದು ವರ್ಷ ಬೇಕಾಯಿತು. ಅದೂ ತಂದೆ ಸ್ವತಃ ಡಾಕ್ಟರಾಗಿದ್ದರಿಂದ. ಅವರಿಗೆ ಮಾರ್ಫಿಯಾ ಎಂದರೇನು ಗೊತ್ತು, ಎಲುಬು ಕೂಡಿಸಲು ಪೂರ್ತಿ ಅರಿವಳಿಕೆ ಬೇಕೆಂಬುದು ಗೊತ್ತು, ಪ್ರಮಾಣಪತ್ರದಲ್ಲಿ ಬರೆದ ಕಾರಣವನ್ನು ಪ್ರಶ್ನಿಸಬಹುದೆಂಬುದೂ ಗೊತ್ತು. ಮಂಗಳವೇಢೆಯಿಂದಲೋ ಆಳಂದದಿಂದಲೋ ಬಂದ ಒಕ್ಕಲು ಮಗನಾಗಿದ್ದರೆ, ಕೈಯಲ್ಲಿ ಕೊಟ್ಟ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮಗನ ಹೆಣದೊಂದಿಗೆ ಊರಿಗೆ ಮರಳುತ್ತಿದ್ದ. ಆಸ್ಪತ್ರೆಯವರು ತಾವಾಗಿಯೇ ಹೇಳದಿದ್ದರೆ ತಿಳಿಯುವ ದಾರಿ ಕೇಳಬಲ್ಲವರಿಗೆ ಮಾತ್ರ ತೆರೆದಿರುತ್ತದೆ. ಕೇಳಲು ಬಾರದವರೇ ನಮ್ಮಲ್ಲಿ ಹೆಚ್ಚು. ಅವರ ಪಾಲಿಗೆ, ಹೇಳುವ ಸಿಸ್ಟರು, ಹೇಳುವ ಡಾಕ್ಟರು ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ.

ನಮ್ಮ ಭಾಷೆಯ ಒಂದು ಮಾತು ಇಲ್ಲಿ ನೆನಪಾಗುತ್ತದೆ. ಕಾಲು ತಾಗಿದರೆ ನಾವು "ತಪ್ಪಾಯ್ತು" ಎನ್ನುತ್ತೇವೆ. ಇಲ್ಲಿಯ ಮರಾಠಿಯವರೂ "ಚೂಕ ಝಾಲಿ" ಎನ್ನುತ್ತಾರೆ. ಎರಡರಲ್ಲೂ ತಪ್ಪು ತಾನಾಗಿ ಆಯಿತು, ಮಾಡಿದವರು ಯಾರೂ ಇಲ್ಲ. ಬಸ್ಸಿನಲ್ಲಿ ಅಷ್ಟು ಸಾಕು. ವಾರ್ಡಿನಲ್ಲಿ ಸಾಲದು. ಯಾವ ಔಷಧ, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ಯಾರಿಗೆ, ಗೊತ್ತಾದ ಮೇಲೆ ಏನು ಮಾಡಿದೆವು, ಇಷ್ಟು ಬೇಕು. ಇನ್ನೊಂದು ಶಬ್ದ "ತಪ್ಪೊಪ್ಪಿಗೆ". ಅದನ್ನು ಕೇಳಿದ ಕೂಡಲೇ ಪೊಲೀಸ್ ಠಾಣೆ ಕಣ್ಣಿಗೆ ಬರುತ್ತದೆ. ಆಸ್ಪತ್ರೆಯ ಘಟನೆ ಫಾರ್ಮನ್ನು ನಮ್ಮವರು ತಪ್ಪೊಪ್ಪಿಗೆ ಪತ್ರ ಎಂದೇ ಭಾವಿಸುತ್ತಾರೆ, ಕೆಲವು ಕಡೆ ಆಡಳಿತದವರೂ ಹಾಗೆಯೇ ಬಳಸುತ್ತಾರೆ. ಆಮೇಲೆ ಯಾರೂ ಫಾರ್ಮು ತುಂಬುತ್ತಿಲ್ಲ ಎಂದು ಮೀಟಿಂಗಿನಲ್ಲಿ ಆಶ್ಚರ್ಯ ಬೇರೆ!

ಕಾನೂನಿನ ಭಯ ಸುಳ್ಳು ಭಯವಲ್ಲ. 1995ರಲ್ಲಿ ಲೂಧಿಯಾನದ ಒಂದು ಆಸ್ಪತ್ರೆಯಲ್ಲಿ ಉಸಿರಾಟದ ತೊಂದರೆಯ ರೋಗಿಗೆ ಹಚ್ಚಿದ ಆಕ್ಸಿಜನ್ ಸಿಲಿಂಡರ್ ಖಾಲಿ ಇತ್ತೆಂದು ದೂರಾಯಿತು, ಡಾಕ್ಟರರ ಮೇಲೆ ಕ್ರಿಮಿನಲ್ ಕೇಸು ನಡೆಯಿತು. ಅದೇ ಜೇಕಬ್ ಮ್ಯಾಥ್ಯೂ ಪ್ರಕರಣ. 2005ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ಎಲ್ಲ ತಪ್ಪೂ ಅಪರಾಧವಲ್ಲ, ನಿರ್ಲಕ್ಷ್ಯ ಅತಿ ಘೋರವಾಗಿದ್ದರೆ ಮಾತ್ರ ಕ್ರಿಮಿನಲ್ ಮೊಕದ್ದಮೆ, ಅದಕ್ಕೂ ಮುನ್ನ ತನಿಖೆಯವರು ಬೇರೆ ಡಾಕ್ಟರರ ನಿಷ್ಪಕ್ಷಪಾತ ಅಭಿಪ್ರಾಯ ಪಡೆಯಬೇಕು. ಒಳ್ಳೆಯ ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಸಜೆ ಎನ್ನುತ್ತದೆ, ಚಿಕಿತ್ಸೆ ಕೊಡುವಾಗ ನೋಂದಾಯಿತ ವೈದ್ಯರಿಂದ ಆದರೆ ಎರಡು ವರ್ಷದವರೆಗೆ. ಇಲ್ಲಿ ಗಮನಿಸಿ: ಆ ಕಲಮಿನಲ್ಲಿ ನೋಂದಾಯಿತ ವೈದ್ಯರೆಂದರೆ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿದ್ದವರು. ಸಿಸ್ಟರು ಅದರೊಳಗೆ ಬರುವುದಿಲ್ಲ. ಕಡಿಮೆ ಸಂಬಳದವಳಿಗೆ ಹೆಚ್ಚು ಸಜೆಯ ಬಾಗಿಲು ತೆರೆದಿಟ್ಟು, ನೀನೇ ಮೊದಲು ಬಾಯಿಬಿಡು ಎಂದರೆ ಅವಳು ಯೋಚಿಸುವುದು ಸಹಜ.

ಖಾಲಿ ಸಿಲಿಂಡರಿನ ಮಾತು ಬಂತು. ಯಾವ ಆಸ್ಪತ್ರೆಯಲ್ಲೇ ಆಗಲಿ, ಸಿಲಿಂಡರ್ ಒಮ್ಮೆಲೇ ಖಾಲಿಯಾಗುವುದಿಲ್ಲ. ಹಿಂದಿನ ಪಾಳಿಯಲ್ಲಿ ಮುಳ್ಳು ಕೆಂಪು ಗೆರೆಗೆ ಇಳಿದದ್ದನ್ನು ಒಬ್ಬ ವಾರ್ಡ್‌ಬಾಯ್ ಕಂಡಿರುತ್ತಾನೆ. ಅವನ ಮಾತನ್ನು ಕೇಳುವ ರೂಢಿ ಅಲ್ಲಿ ಇತ್ತೇ ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ.

ಹೇಳಿದವರಿಗೆ ಶಿಕ್ಷೆಯಾದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದು ಸುಲಭದ್ದಲ್ಲ. 2017ರ ಡಿಸೆಂಬರ್, ಅಮೆರಿಕದ ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆ. ಸ್ಕ್ಯಾನಿಂಗಿಗೆ ಹೆದರಿದ್ದ ವೃದ್ಧೆಯೊಬ್ಬರಿಗೆ ಮನಸ್ಸು ಶಾಂತವಾಗಲು ವೆರ್ಸೆಡ್ ಎಂಬ ಔಷಧ ಕೊಡಬೇಕಿತ್ತು. ಅಲ್ಲಿ ಔಷಧದ ಕಪಾಟು ಕಂಪ್ಯೂಟರಿನದು. ರಡೋಂಡಾ ವಾಟ್ ಎಂಬ ನರ್ಸು ಹೆಸರಿನ ಮೊದಲೆರಡು ಅಕ್ಷರ ಒತ್ತಿದಳು. ಔಷಧ ಸಿಗಲಿಲ್ಲ. ಯಂತ್ರದ ತಡೆ ದಾಟಿ ಹುಡುಕಿದಾಗ ಅದೇ ಅಕ್ಷರಗಳಿಂದ ಶುರುವಾಗುವ ವೆಕ್ಯುರೋನಿಯಂ ಹೊರಬಂತು. ಅದು ಮೈಯ ಸ್ನಾಯುಗಳನ್ನೆಲ್ಲ ಸ್ತಬ್ಧ ಮಾಡುವ ಮದ್ದು, ಉಸಿರಾಟವನ್ನೂ. ಬಾಟಲಿಯ ಮುಚ್ಚಳದ ಮೇಲೆ ಎಚ್ಚರಿಕೆ ಇತ್ತು. ಅವಳು ಓದಲಿಲ್ಲ. ರೋಗಿ ತೀರಿಕೊಂಡರು.

ಗೊತ್ತಾದ ಕೂಡಲೇ ಅವಳು ಒಪ್ಪಿಕೊಂಡಳು. ಆಸ್ಪತ್ರೆ ಅವಳನ್ನು ಕೆಲಸದಿಂದ ತೆಗೆಯಿತು. ಆದರೆ ಸಾವಿನ ತಪಾಸಣೆಯವರಿಗೆ ಔಷಧದ ತಪ್ಪಿನ ವಿಷಯ ತಿಳಿಸಲಿಲ್ಲ, ಸರ್ಕಾರಕ್ಕೆ ಕೊಡಬೇಕಾದ ವರದಿ ಕೊಡಲಿಲ್ಲ. 2018ರಲ್ಲಿ ಹೆಸರು ಹೇಳದ ಯಾರೋ ದೂರು ಕೊಟ್ಟ ಮೇಲೆ ಎಲ್ಲ ಹೊರಬಂತು. 2019ರಲ್ಲಿ ಅವಳ ಬಂಧನ, 2021ರಲ್ಲಿ ಲೈಸೆನ್ಸ್ ರದ್ದು, 2022ರ ಮಾರ್ಚಿನಲ್ಲಿ ಕ್ರಿಮಿನಲ್ ನಿರ್ಲಕ್ಷ್ಯದ ಸಾವಿನ ಅಪರಾಧಿ ಎಂಬ ತೀರ್ಪು. ಮೇ ತಿಂಗಳಲ್ಲಿ ನ್ಯಾಯಾಧೀಶರು ಜೈಲಿನ ಬದಲು ಮೂರು ವರ್ಷದ ಪ್ರೊಬೇಷನ್ ಕೊಟ್ಟರು. ಆ ದೇಶದ ನರ್ಸುಗಳು ಬೀದಿಗಿಳಿದರು. ಇನ್ನು ಮುಂದೆ ಯಾರು ಹೇಳುತ್ತಾರೆ ಎಂಬುದೇ ಅವರ ಪ್ರಶ್ನೆ.

ಅವಳದು ಸಣ್ಣ ಮರೆವು ಎಂದು ನಾನು ಹೇಳಲಾರೆ. ಹಲವು ಕಡೆ ನಿಂತು ನೋಡುವ ಅವಕಾಶವಿತ್ತು, ನೋಡಲಿಲ್ಲ. ಅದಕ್ಕೆ ಅವಳು ಜವಾಬು ಕೊಡಬೇಕು. ಆದರೆ ಅಜಾಗರೂಕತೆ ಒಂದು ಲೆಕ್ಕ, ಹೇಳಿದ್ದು ಇನ್ನೊಂದು ಲೆಕ್ಕ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ, ಹೇಳಿದವಳನ್ನು ಕಟಕಟೆಗೆ ನಿಲ್ಲಿಸಿ ಹೇಳದ ಸಂಸ್ಥೆಯ ಮೇಲೆ ಅಂಥ ಮೊಕದ್ದಮೆ ಹೂಡದೆ ಬಿಟ್ಟರೆ, ಮುಂದಿನವಳು ಕಲಿಯುವ ಪಾಠ ಒಂದೇ. ಆ ಖಾಲಿ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿ ಸುಮ್ಮನಿರುವುದು. ತಿಳಿದೂ ಮುಚ್ಚಿಟ್ಟದ್ದಕ್ಕೆ, ಚಾರ್ಟು ತಿದ್ದಿದ್ದಕ್ಕೆ ಕಠಿಣ ಶಿಕ್ಷೆ ಇರಲಿ, ನನ್ನ ತಕರಾರಿಲ್ಲ. ತಾನಾಗಿ ಬಂದು ಹೇಳಿದವರನ್ನು ಅದೇ ಸಾಲಿನಲ್ಲಿ ನಿಲ್ಲಿಸಬಾರದು.

ಬೇರೆ ದಾರಿ ಇಲ್ಲವೇ? ಇದೆ, ಹಳೆಯದೇ ಇದೆ. 1936ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಮರಿಯಾ ಆಸ್ಪತ್ರೆಯಲ್ಲಿ ಅರಿವಳಿಕೆ ಮದ್ದಿನ ಬದಲು ಕ್ರಿಮಿನಾಶಕ ದ್ರವವನ್ನು ಚುಚ್ಚಿ ನಾಲ್ವರು ರೋಗಿಗಳು ಸತ್ತರು. ಮರುವರ್ಷವೇ, ಆಸ್ಪತ್ರೆಯಲ್ಲಾದ ಗಂಭೀರ ತಪ್ಪನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ನಿಯಮ ಬಂತು. ಆ ಆಸ್ಪತ್ರೆಯ ಹೆಸರಿನಿಂದಲೇ ಅದು ಪ್ರಸಿದ್ಧ.

ನಮ್ಮ ಪಕ್ಕದ ಕೇರಳದ ಉದಾಹರಣೆ ನನಗೆ ಹೆಚ್ಚು ಇಷ್ಟ. ಅಲ್ಲಿಯ ಹೆರಿಗೆ ತಜ್ಞರ ಸಂಘ 2004ರಿಂದ ಬಾಣಂತಿಯರ ಸಾವುಗಳ ಗೋಪ್ಯ ಪರಿಶೀಲನೆ ನಡೆಸುತ್ತ ಬಂದಿದೆ. ಪ್ರತಿ ಸಾವಿನ ವಿವರದಿಂದ ತಾಯಿಯ ಹೆಸರು, ಡಾಕ್ಟರ ಹೆಸರು, ಆಸ್ಪತ್ರೆಯ ಹೆಸರು ತೆಗೆದುಹಾಕುತ್ತಾರೆ. ಹಿರಿಯ ಡಾಕ್ಟರರು ಕೂತು ಓದುತ್ತಾರೆ. ಎಲ್ಲಿ ತಡವಾಯಿತು, ರಕ್ತ ಯಾಕೆ ಸಿಗಲಿಲ್ಲ, ಯಾವ ಲಕ್ಷಣ ಕಣ್ಣಿಗೆ ಬೀಳಲಿಲ್ಲ ಎಂದು ಕೇಳುತ್ತಾರೆ. ಕಲಿತದ್ದನ್ನು ಪುಸ್ತಕ ಮಾಡಿ ಎಲ್ಲ ಆಸ್ಪತ್ರೆಗಳಿಗೆ ಹಂಚುತ್ತಾರೆ. ಹೆಸರು ಹೋದದ್ದರಿಂದ ನಿಜ ಬಂತು. ಕೋರ್ಟಿಗೆ ಹೋಗುವ ಹಕ್ಕು ಮನೆಯವರಿಗೆ ಹಾಗೇ ಉಳಿದಿರುತ್ತದೆ, ಅದು ಬೇರೆ ಬಾಗಿಲು.

ಬೇಗ ಹೇಳುವುದರ ಬೆಲೆ ಎಷ್ಟು ಎಂಬುದನ್ನು 2024ರ ನವೆಂಬರ್-ಡಿಸೆಂಬರಿನಲ್ಲಿ ಬಳ್ಳಾರಿ ತೋರಿಸಿತು. ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನಿನ ಮೇಲೆ ಸಂಶಯ ಬಂದು ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರ ಮೇಲೆ ಕ್ರಮವಾಯಿತು. ಇಲ್ಲಿ ತಪ್ಪು ಸಿಸ್ಟರದಲ್ಲ, ಡಾಕ್ಟರದೂ ಆಗಿರಬೇಕಿಲ್ಲ. ಆದರೆ ಒಂದು ಬ್ಯಾಚಿನ ಬಾಟಲಿ ಒಂದೇ ಆಸ್ಪತ್ರೆಗೆ ಹೋಗಿರುವುದಿಲ್ಲ. ಒಂದೂರಿನ ವಾರ್ಡಿನಲ್ಲಿ "ಈ ಬಾಟಲಿ ಹಚ್ಚಿದ ಮೇಲೆ ಚಳಿ ಬಂತು" ಎಂದು ಬರೆದ ಒಂದು ಸಾಲು, ಇನ್ನೊಂದೂರಿನ ಬಾಣಂತಿಯ ಕೈಗೆ ಅದೇ ಬಾಟಲಿ ಹಚ್ಚುವ ಮೊದಲು ತಲುಪಬೇಕು. "ಚಳಿ ಬರೋದು ಮಾಮೂಲಿ, ಬಿಡು" ಎಂದರೆ ಆ ಸಾಲು ಹುಟ್ಟುವುದೇ ಇಲ್ಲ.

ಇನ್ನೊಬ್ಬರ ತಪ್ಪು ಕಂಡಾಗ ಏನು ಮಾಡಬೇಕು ಎಂದು ಕೆಲವರು ಕೇಳುತ್ತಾರೆ. ಅದು ಚಾಡಿಯಾಗುವುದಿಲ್ಲವೇ? ಚಾಡಿ ಹೇಳುವವನಿಗೆ ಮನುಷ್ಯ ಮುಖ್ಯ, ವರದಿ ಕೊಡುವವನಿಗೆ ಘಟನೆ ಮುಖ್ಯ. ಚಾಡಿ ಬೆನ್ನ ಹಿಂದೆ ನಡೆಯುತ್ತದೆ. ಆದ್ದರಿಂದ ಮೊದಲು ಆ ಜೊತೆಗಾರ್ತಿಗೇ ಹೇಳಿ: "ಅಕ್ಕಾ, ನೀರಿನ ಆಂಪೂಲಿನ ಪಕ್ಕ ಪೊಟ್ಯಾಸಿಯಂ ಕ್ಲೋರೈಡ್ ಇಟ್ಟೀರಿ, ಎರಡೂ ಒಂದೇ ಥರ ಕಾಣತಾವ." ಅವಳೇ ಬರೆದರೆ ಒಳ್ಳೆಯದು. ಅವಳು ಬರೆಯದಿದ್ದರೆ, ಅಪಾಯ ಉಳಿದಿದ್ದರೆ, ಅವಳಿಗೆ ತಿಳಿಸಿಯೇ ನೀವು ಬರೆಯಿರಿ. ಡಾಕ್ಟರರ ವಿಷಯದಲ್ಲಂತೂ 2002ರ ವೃತ್ತಿ ನಡತೆಯ ನಿಯಮಗಳೇ, ಸಹವೈದ್ಯರ ಅಪ್ರಾಮಾಣಿಕ ನಡತೆಯನ್ನು, ಅಸಮರ್ಥತೆಯನ್ನು ಭಯ ಪಕ್ಷಪಾತವಿಲ್ಲದೆ ಹೊರಗೆಡಹಬೇಕು ಎನ್ನುತ್ತವೆ.

ಮೇಟ್ರನ್, ಇನ್‌ಚಾರ್ಜ್ ಸಿಸ್ಟರ್, ಆಡಳಿತಾಧಿಕಾರಿ ಸ್ಥಾನದಲ್ಲಿರುವ ಕೇಳುಗರಿಗೆ ಒಂದು ಮಾತು. ಫಾರ್ಮು ಕೈಗೆ ಬಂದಾಗ ನಿಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆಯನ್ನು ಇಡೀ 'ಸ್ಟಾಫ್' ಕೇಳಿಸಿಕೊಳ್ಳುತ್ತದೆ. "ಯಾರು ಮಾಡಿದ್ದು?" ಎಂದು ಕೇಳಿದರೆ ಅದೇ ಕೊನೆಯ ಫಾರ್ಮು. "ಪೇಷಂಟ್ ಹೇಗಿದ್ದಾರೆ?" ಎಂದು ಕೇಳಿ, ಆಮೇಲೆ "ಇದು ಹೇಗೆ ಆಯಿತು?" ಎಂದು ಕೇಳಿ. ಮತ್ತೆ, ಫಾರ್ಮು ಬಂದ ವಾರದೊಳಗೆ ಏನಾದರೂ ಒಂದು ಬದಲಾವಣೆ ವಾರ್ಡಿನ ಕಣ್ಣಿಗೆ ಕಾಣಬೇಕು. ಇಬ್ಬರು ಪಾಟೀಲರನ್ನು ಬೇರೆ ಬೇರೆ ಸಾಲಿಗೆ ಹಾಕುವುದಕ್ಕೆ ಖರ್ಚೇನೂ ಇಲ್ಲ.

ಮನೆಯವರಾದ ನಮ್ಮ ಪಾಲೂ ಇದರಲ್ಲಿ ಇದೆ. ಗಾಜು ಒಡೆದು, ಡಾಕ್ಟರ ಕಾಲರ್ ಹಿಡಿದು ನಿಜ ಹೊರತೆಗೆದವರು ಯಾರೂ ಇಲ್ಲ. ಮಹಾರಾಷ್ಟ್ರದಲ್ಲಿ 2010ರಿಂದ ಅದಕ್ಕೆ ಪ್ರತ್ಯೇಕ ಕಾಯಿದೆಯೂ ಇದೆ. ಆಸ್ಪತ್ರೆಯವರು ಬಂದು "ಒಂದು ತಪ್ಪಾಗಿದೆ, ಕೂತುಕೊಳ್ಳಿ, ಹೇಳುತ್ತೇವೆ" ಎಂದಾಗ ಕೂತು ಕೇಳಿ. ಸಿಟ್ಟು ಬರಲಿ, ಅಳು ಬರಲಿ, ಆದರೆ ಕೇಳಿ. ಏನು ಕೊಟ್ಟಿರಿ, ಈಗ ಏನು ಅಪಾಯ, ಅದಕ್ಕೆ ಏನು ಮಾಡುತ್ತಿದ್ದೀರಿ, ಮುಂದೆ ಹೀಗಾಗದಂತೆ ಏನು ಮಾಡುತ್ತೀರಿ, ಇದರ ಖರ್ಚು ಯಾರದು ಎಂದು ಕೇಳಿ. ಬರೆದುಕೊಡಿ ಎನ್ನಿ. ಯಾರೂ ಏನೂ ಹೇಳುತ್ತಿಲ್ಲ ಎನಿಸಿದರೆ ಅರ್ಜಿ ಕೊಟ್ಟು ದಾಖಲೆ ಕೇಳಿ. ಅರ್ಜಿ ಕೊಟ್ಟ 72 ತಾಸಿನೊಳಗೆ ಡಾಕ್ಟರು ವೈದ್ಯಕೀಯ ದಾಖಲೆ ಕೊಡಬೇಕೆಂದು ಅದೇ 2002ರ ನಿಯಮ ಹೇಳುತ್ತದೆ.

ಔಷಧದಿಂದ ಆದ ತೊಂದರೆಯನ್ನು ನೀವೇ ನೇರವಾಗಿಯೂ ತಿಳಿಸಬಹುದು. ಕೇಂದ್ರ ಸರ್ಕಾರ 2010ರಲ್ಲಿ ಔಷಧಗಳ ಅಡ್ಡಪರಿಣಾಮಗಳ ನಿಗಾ ಕಾರ್ಯಕ್ರಮ ಶುರುಮಾಡಿತು. ಅದರ ಕೇಂದ್ರ ಗಾಜಿಯಾಬಾದಿನಲ್ಲಿದೆ. ಡಾಕ್ಟರೇ ಆಗಬೇಕಿಲ್ಲ, ಗುಳಿಗೆ ನುಂಗಿದವರು ಯಾರೂ ಹೇಳಬಹುದು. ಫಾರ್ಮು ಕನ್ನಡದಲ್ಲೂ ಮರಾಠಿಯಲ್ಲೂ ಇದೆ. ಉಚಿತ ಫೋನ್ ನಂಬರು 1800-180-3024, ಬರೆದುಕೊಳ್ಳಿ. ಫೋನ್ ಮಾಡುವಾಗ ಗುಳಿಗೆಯ ಹಾಳೆ ಅಥವಾ ಬಾಟಲಿ ಕೈಯಲ್ಲಿ ಇರಲಿ, ಬ್ಯಾಚ್ ನಂಬರು ಕೇಳುತ್ತಾರೆ.

ಇನ್ನೊಂದು ಸಣ್ಣ ವಿಷಯ. ಇಂಜೆಕ್ಷನ್ ಕೊಡುವ ಮೊದಲು ಸಿಸ್ಟರು ದಿನಕ್ಕೆ ನಾಲ್ಕು ಸಲ "ನಿಮ್ಮ ಹೆಸರೇನು?" ಎಂದು ಕೇಳುತ್ತಾಳೆ. "ಮುಂಜಾನೆ ಹೇಳೇನಲ್ಲ" ಎಂದು ಗದರಬೇಡಿ. ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ವಯಸ್ಸು ಪೂರ್ತಿ ಹೇಳಿ. ಪಾಟೀಲ, ಕುಲಕರ್ಣಿ, ಜೋಶಿ ಆಗಿದ್ದರಂತೂ ಮರೆಯದೆ ಹೇಳಿ.